ಚಿಕ್ಕಸಿದ್ದಮ್ಮನ ಮಂಡಿಗೆ ಬಂದ ಜ್ವರ

ಹೊಂಗೆಕೊಪ್ಪಲಿನಲ್ಲಿ ಒಂದು ಮಗು ಹುಟ್ಟಿತೆಂದರೆ ಮೊದಲು ನೀರಿನ ಹಂಡೆಗೆ ಉರಿ ಹಾಕುತ್ತಾರೆ, ಆಮೇಲೆ ಚಿಕ್ಕಸಿದ್ದಮ್ಮನನ್ನು ಕೂಗುತ್ತಾರೆ. ಇಪ್ಪತ್ತೈದು ವರ್ಷದಿಂದ ಹೀಗೇ ನಡೆದುಬಂದಿದೆ. ಅವಳು ಬರುತ್ತಾಳೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ, ಬಚ್ಚಲಲ್ಲಿ ಮಣೆ ಹಾಕಿ ಕೂತು ಎರಡು ಕಾಲನ್ನೂ ಉದ್ದಕ್ಕೆ ಚಾಚುತ್ತಾಳೆ. ಆ ಕಾಲುಗಳೇ ಮಗುವಿಗೆ ಹಾಸಿಗೆ. ಎಣ್ಣೆ ಸವರಿ, ಕೈಕಾಲು ನೀವಿ, ಹದವಾದ ನೀರು ಹಾಕಿದಳೆಂದರೆ ಎಂಥ ಹಟಮಾರಿ ಕೂಸೂ ಕಣ್ಣು ಮುಚ್ಚಿ ನಿದ್ದೆಗೆ ಜಾರುತ್ತದೆ. ಯಾರ ಮನೆಯಲ್ಲೂ ಅವಳು ಒಂದು ಕಾಸು ಮುಟ್ಟಿದವಳಲ್ಲ. ಒಂದು ಲೋಟ ಕಾಫಿ, ಎಲೆ ಅಡಿಕೆ, ಅಷ್ಟು ಸಾಕು.

ಊರಿನ ಪಡ್ಡೆ ಹುಡುಗರಿಗೆ ಅವಳನ್ನು ಕಂಡರೆ ಒಂದು ಸಣ್ಣ ಭಯ. ಮೀಸೆ ತಿರುವಿಕೊಂಡು ಯಾರಾದರೂ ಮುಂದೆ ಬಂದರೆ, "ನನ್ ಕಾಲ್ ಮೇಲೆ ಉಚ್ಚೆ ಉಯ್ದೋನು ಕಣ್ಲಾ ನೀನು. ನನ್ ಮುಂದೆ ಏನ್ಲಾ ಮೀಸೆ?" ಎಂದು ಎಲ್ಲರೆದುರೇ ಕೇಳಿಬಿಡುತ್ತಿದ್ದಳು.

ಅಂಥ ಚಿಕ್ಕಸಿದ್ದಮ್ಮ ಆ ವರ್ಷದ ಶ್ರಾವಣದಲ್ಲಿ ಒಂದು ಬೆಳಗ್ಗೆ ಹಿಂದಿನ ಬೀದಿಯ ಶಿವಾನಿಯ ಮಗುವಿಗೆ ನೀರು ಹಾಕಲು ಹೋಗಿ, ಮಣೆಯ ಮೇಲೆ ಕೂತಳು. ಕಾಲು ಚಾಚಿದಳು. ಎಡಗಾಲು ಚಾಚಿತು. ಬಲಗಾಲು ಅರ್ಧಕ್ಕೇ ನಿಂತಿತು. ಬಲವಂತವಾಗಿ ಒತ್ತಿದರೆ ಮಂಡಿಯಲ್ಲಿ ಚಳಕು ಹೊಡೆದು ಕಣ್ಣಲ್ಲಿ ನೀರು ಬಂತು.

"ಏನಾಯ್ತು ಸಿದ್ದಮ್ಮಜ್ಜಿ?" ಎಂದಳು ಶಿವಾನಿ.

"ಏನಿಲ್ಲ ಕಣವ್ವ, ಒಲೆ ಒಗೆ ಕಣ್ಣಿಗೆ ಬಂತು" ಎಂದಳು ಚಿಕ್ಕಸಿದ್ದಮ್ಮ.

ಒಲೆ ಆರಿಹೋಗಿ ಎಷ್ಟೋ ಹೊತ್ತಾಗಿತ್ತು. ಶಿವಾನಿಗೆ ಅದು ಗೊತ್ತಿತ್ತು. ಆ ಹುಡುಗಿ ಒಳಗೆ ಹೋಗಿ ಒಂದು ದಿಂಬು ತಂದು, ಬಾಗಿದ ಆ ಮಂಡಿಯ ಕೆಳಗೆ ಸದ್ದಿಲ್ಲದೆ ಇಟ್ಟಳು. ನೀರು ಹಾಕಿದ ಮೇಲೆ ಎಬ್ಬಿಸುವಾಗಲೂ "ನನ್ ಕೈ ಇಡ್ಕೊಳಿ" ಎನ್ನಲಿಲ್ಲ. ತಾನೇ ಎಡವಿದವಳ ಹಾಗೆ ಅವಳ ತೋಳಿಗೆ ತೋಳು ಕೊಟ್ಟಳು.

ನಿಜ ಹೇಳಬೇಕೆಂದರೆ ಈ ನೋವು ಅವತ್ತಿನದಲ್ಲ. ನಾಲ್ಕು ತಿಂಗಳಿಂದ ಬೆಳಗ್ಗೆ ಏಳುವಾಗ ಎರಡು ಕೈಯ ಬೆರಳೂ ಮಡಿಸಲು ಬರುತ್ತಿರಲಿಲ್ಲ. ಬಿಸಿಲು ಹಟ್ಟಿ ಬಾಗಿಲು ದಾಟಿ ಒಳಗೆ ಬಂದ ಮೇಲೆ ಒಂದೊಂದೇ ಬೆರಳು ಸಡಿಲವಾಗುತ್ತಿತ್ತು. ಹೊಗೆಸೊಪ್ಪು ಪೋಣಿಸುವ ಕಾಲದಲ್ಲಿ ಎಲ್ಲರಿಗಿಂತ ಮುಂದಿರುತ್ತಿದ್ದವಳು ಈ ಸಲ "ನಂಗೆ ಕೆಮ್ಮು" ಎಂದು ಸೊಪ್ಪು ಬೇಯಿಸುವ ಬ್ಯಾರನ್ನಿನ ಕಡೆಗೇ ಹೋಗಿರಲಿಲ್ಲ.

ಮನೆಯಲ್ಲಿ ಔಷಧಿಗೇನು ಬರವೇ? ಊರಿಗೆಲ್ಲ ಎಣ್ಣೆ ಹಚ್ಚುವವಳು ಅವಳು. ಹರಳೆಣ್ಣೆ, ಎಳ್ಳೆಣ್ಣೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ್ದು, ಲಕ್ಕಿಸೊಪ್ಪು ಹಾಕಿ ಕಾಯಿಸಿದ್ದು, ಸೀಸೆ ಸೀಸೆ ಇದ್ದವು. ದಿನಾ ಸಂಜೆ ಗಂಡ ಮುದ್ದಯ್ಯ ಅವಳ ಮಂಡಿಗೆ ಎಣ್ಣೆ ಸುರಿದು ಉಜ್ಜುತ್ತಿದ್ದ.

"ಇನ್ನೂ ಜೋರಾಗಿ ಉಜ್ರೀ, ಬೆಣ್ಣೆ ಸವರ್ದಂಗೆ ಸವರ್ತೀರಿ" ಎಂದು ಅವಳು ಗದರುತ್ತಿದ್ದಳು.

"ಉಜ್ಜಿ ಉಜ್ಜಿ ನನ್ ಅಂಗೈ ಗೆರೆ ಎಲ್ಲ ಅಳಿಸೋಯ್ತು ಕಣಮ್ಮಿ. ಇನ್ನು ಕಣಿ ಏಳೋಳು ಬಂದ್ರೆ ಏನ್ ನೋಡ್ತಾಳೆ?" ಎನ್ನುತ್ತಿದ್ದ ಮುದ್ದಯ್ಯ.

ಉಜ್ಜಿದಷ್ಟೂ ಮಂಡಿ ಊದಿತು. ಮುಟ್ಟಿದರೆ ಬಿಸಿ. ಒಂದು ವಾರದಲ್ಲಿ ಅದು ಬೆಲ್ಲದ ಅಚ್ಚಿನ ಹಾಗೆ ದಪ್ಪಗಾಯಿತು. ಚಿಕ್ಕಸಿದ್ದಮ್ಮ ಇನ್ನಷ್ಟು ಎಣ್ಣೆ ಹಚ್ಚಿಸಿಕೊಂಡಳು.

ಹೀಗಿರುವಾಗ ಸರಗೂರಿಂದ ಫೋನು ಬಂತು. ಫೋನು ಇದ್ದದ್ದು ಪಕ್ಕದ ಮನೆಯ ಸುಂದ್ರಮ್ಮನ ಮನೆಯಲ್ಲಿ. ಸುಂದ್ರಮ್ಮ ಊರಿನ ಸ್ತ್ರೀಶಕ್ತಿ ಸಂಘದ ಮುಂದಾಳು. ಹತ್ತು ಜನ ಹೆಂಗಸರನ್ನು ಕೂರಿಸಿ ಮಾತಾಡಿಸುವವಳು, ಆದರೆ ಕೇಳುವುದೂ ಗೊತ್ತಿದ್ದವಳು. ಫೋನಿನಲ್ಲಿ ಚಿಕ್ಕಸಿದ್ದಮ್ಮನ ಒಬ್ಬಳೇ ಮಗಳು ಸುಧಾ. ಅವಳಿಗೆ ಆಗ ಐದು ತಿಂಗಳು, ಚೊಚ್ಚಲು.

"ಅವ್ವ, ನಿನ್ ಕಾಲು ಸರಿ ಇಲ್ವಂತೆ? ಅಪ್ಪ ಬಾಯಿ ಬುಟ್ರು. ನಮ್ಮತ್ತೆ ಏಳ್ತಾವ್ರೆ, ಪಾಪ ಅವ್ರಿಗ್ಯಾಕೆ ಕಷ್ಟ, ಬಾಣಂತನ ಇಲ್ಲೇ ಮಾಡನ ಅಂತ."

ಸುಧಾಳ ಅತ್ತೆ ಚಾಮುಂಡಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು ಅದು. ಆದರೆ ಚಿಕ್ಕಸಿದ್ದಮ್ಮನಿಗೆ ಎದೆಗೆ ಚುಚ್ಚಿದ ಹಾಗಾಯಿತು. ಊರಿನ ಮಕ್ಕಳಿಗೆಲ್ಲ ಚಾಚಿದ ಕಾಲು, ಸ್ವಂತ ಮೊಮ್ಮಗುವಿಗೆ ಇಲ್ಲವೆಂದರೆ ಹೇಗೆ? ಚೊಚ್ಚಲ ಬಾಣಂತನ ತವರಿನದು. ಆ ಮಗು ತನ್ನ ಕಾಲ ಮೇಲೇ ಮಲಗಬೇಕು.

"ಯಾರಂದೋರು ನಂಗ್ ಆಗಲ್ಲ ಅಂತ? ಏಳನೇ ತಿಂಗ್ಳಿಗೆ ಬಂದು ಕರ್ಕೊಂಡ್ ಬತ್ತೀನಿ. ನಿಮ್ಮತ್ತೆಗೆ ಏಳು" ಎಂದು ಫೋನಿಟ್ಟಳು. ಆಮೇಲೆ ಸುಂದ್ರಮ್ಮ ಕೊಟ್ಟ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದಳು.

ಸುಂದ್ರಮ್ಮನ ಕಣ್ಣು ಆ ಎರಡು ಕೈಯ ಮೇಲೆ ನಿಂತಿತು.

"ಸಿದ್ದಕ್ಕ, ಯಾವಾಗಿಂದ ಎರಡ್ ಕೈಲಿ ಲೋಟ ಇಡೀತಿದ್ದೀರಿ?"

"ಬಿಸಿ ಅದೆ, ಅದ್ಕೆ."

"ಕಾಫಿ ಆರೋಗದೆ ಕಣಕ್ಕ."

ಚಿಕ್ಕಸಿದ್ದಮ್ಮ ತಲೆ ತಗ್ಗಿಸಿದಳು. ಆಗ ಸುಂದ್ರಮ್ಮ ಬೈಯಲಿಲ್ಲ, ಮರುಗಲೂ ಇಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ಹೋದ ವರ್ಷ ಸೊಪ್ಪು ಪೋಣಿಸಿ ಪೋಣಿಸಿ ನನ್ ಭುಜ ಇಡ್ಕೊಂಡಿರ್ಲಿಲ್ವಾ? ಹಾರನಹಳ್ಳಿ ಕಡೆ ಸರ್ಕಾರಿ ಆಯುರ್ವೇದ ಆಸ್ಪತ್ರೆ ಅದಲ್ಲ, ಅಲ್ಲಿಗೆ ಓದೆ. ಬೃಂದಾ ಅಂತ ಡಾಕ್ಟ್ರಮ್ಮ. ಎಣ್ಣೆ ಕೊಟ್ರು, ಕೈ ಎಂಗೆ ಎತ್ತಬೇಕು ಎಂಗೆ ಇಳಿಸ್ಬೇಕು ಅಂತ ಏಳ್ಕೊಟ್ರು. ನೋಡಿ ಈಗ" ಎಂದು ತೋಳನ್ನು ಗಾಣದ ಹಾಗೆ ತಿರುಗಿಸಿದಳು. ಪಕ್ಕದಲ್ಲಿ ಮಲಗಿದ್ದ ಬೆಕ್ಕು ಹೆದರಿ ಓಡಿತು.

"ಎಣ್ಣೆ ಕೊಟ್ರಾ? ನನ್ ಮನೇಲಿ ಇರೋ ಎಣ್ಣೇನ ಆಯಮ್ಮ ಕಂಡವ್ಳಾ? ನಂಗೇ ಎಣ್ಣೆ ಪಾಠ ಏಳಕ್ಕೆ ಡಾಕ್ಟ್ರು ಬೇಕಾ? ಸುಮ್ಕಿರು ಸುಂದ್ರಿ."

ಅಲ್ಲಿಗೆ ಆ ಮಾತು ಮುಗಿಯಿತು.

ಮುದ್ದಯ್ಯನಿಗೆ ಮಾತ್ರ ಹೆಂಡತಿಯ ನೋವು ನೋಡಲಾಗಲಿಲ್ಲ. ಅವನು ಕೊಪ್ಪದ ಕಡೆ ಹೋದವನು, ರಸ್ತೆ ಬದಿ ಚಾಪೆ ಹಾಸಿ ಬೇರು ನಾರು ಹರಡಿಕೊಂಡಿದ್ದವನ ಹತ್ತಿರ ಒಂದು ಪೊಟ್ಟಣ ಕಂದು ಪುಡಿ ತಂದ. "ಮೂರು ದಿನಕ್ಕೆ ಕುದ್ರೆ ಆಯ್ತಾಳೆ ಅಂದವ್ನೆ ಕಣಮ್ಮಿ."

ನಿಜವಾಗಿಯೂ ಎರಡೇ ದಿನಕ್ಕೆ ನೋವು ಮಾಯವಾಯಿತು! ಚಿಕ್ಕಸಿದ್ದಮ್ಮ ಹಟ್ಟಿ ಗುಡಿಸಿದಳು, ದನದ ಕೊಟ್ಟಿಗೆ ಗುಡಿಸಿದಳು, ಖುಷಿ ಹೆಚ್ಚಾಗಿ ಸುಂದ್ರಮ್ಮನ ಹಟ್ಟಿಯನ್ನೂ ಗುಡಿಸಿದಳು. ಸುಂದ್ರಮ್ಮ ಆ ಪೊಟ್ಟಣ ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ರ ಮೇಲೆ ಎಸರಿಲ್ಲ, ಊರಿಲ್ಲ, ತಾರೀಕಿಲ್ಲ. ನಾವು ಒಂದು ಬೆಂಕಿಪೊಟ್ಣ ತಗೊಂಡ್ರೂ ಅದ್ರ ಮೇಲೆ ಏನಾರ ಬರ್ದಿರ್ತದೆ ಸಿದ್ದಕ್ಕ."

"ಬರ್ದಿದ್ರೆ ಓದೋರ್ಯಾರು? ನೋವು ಓಯ್ತಲ್ಲ, ಸಾಕು ಬುಡು."

ಐದನೆಯ ದಿನ ಅವಳ ಮುಖ ದುಂಡಗೆ ಊದಿಕೊಂಡಿತು. ಹೊಟ್ಟೆಯಲ್ಲಿ ಉರಿ. ಮಂಡಿಯೂ ಮತ್ತೆ ಬಿಸಿಯಾಗಿ ಊದಿತು. ಆರನೆಯ ದಿನ ಬೆಳಗ್ಗೆ ಮುದ್ದಯ್ಯ ಅವಳ ಮುಖ ನೋಡಿದವನೇ ಹೆದರಿ ಸುಂದ್ರಮ್ಮನ ಬಾಗಿಲು ಬಡಿದ. "ತಾಯಿ, ನೀನ್ ಏಳಿದ್ದ ಆಸ್ಪತ್ರೆಗೆ ಬಸ್ ಎಷ್ಟೊತ್ತಿಗೆ?"

ಸುಂದ್ರಮ್ಮ "ನಾನಾಗ್ಲೇ ಏಳಿರ್ಲಿಲ್ವಾ" ಎಂಬ ಒಂದು ಮಾತನ್ನೂ ಆಡಲಿಲ್ಲ. ಎಂಟೂವರೆ ಬಸ್ಸಿಗೆ ಮೂವರೂ ಹೊರಟರು. ಬಸ್ಸಿನ ಮೆಟ್ಟಿಲು ಎತ್ತರ. ಚಿಕ್ಕಸಿದ್ದಮ್ಮ ಹತ್ತಲು ತಡಮಾಡಿದಾಗ ಕಂಡಕ್ಟರ್ ಸೀಟಿ ಊದದೆ ಸುಮ್ಮನೆ ಟಿಕೆಟ್ಟು ಎಣಿಸುತ್ತಾ ನಿಂತ. ಅವಳು ಕೂತ ಮೇಲೇ ರೈಟ್ ಹೇಳಿದ.

ಡಾಕ್ಟರ್ ಬೃಂದಾ ಚಿಕ್ಕ ವಯಸ್ಸಿನವರು. ಮೊದಲು ಮಂಡಿ ನೋಡಲಿಲ್ಲ, ಚಿಕ್ಕಸಿದ್ದಮ್ಮನ ಎರಡು ಕೈಯನ್ನೂ ತಮ್ಮ ಕೈಯಲ್ಲಿ ತೆಗೆದುಕೊಂಡು ಒಂದೊಂದು ಗೆಣ್ಣನ್ನೂ ಮೆತ್ತಗೆ ಒತ್ತಿ ನೋಡಿದರು. ಬೆಳಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತದೆ, ಹಸಿವು ಹೇಗಿದೆ, ಏನು ಊಟ, ಯಾವಾಗ ನಿದ್ದೆ, ಎಲ್ಲ ಕೇಳಿದರು. ಪುಡಿಯ ಪೊಟ್ಟಣ ಮೂಸಿ ನೋಡಿ, "ಎಷ್ಟು ದಿನ ತಗೊಂಡ್ರಿ?" ಎಂದರು.

"ಆರು ದಿನ" ಎಂದ ಮುದ್ದಯ್ಯ, ಕಳ್ಳನ ಹಾಗೆ.

"ಬೇಗ ತಂದ್ರಿ, ಒಳ್ಳೇದಾಯ್ತು. ಇನ್ನು ಇದನ್ನ ಮುಟ್ಟಬೇಡಿ. ಇಂಥ ಎಷ್ಟೋ ಪುಡಿಗೆ ಊತ ಇಳಿಸೋ ಬಲವಾದ ಇಂಗ್ಲಿಷ್ ಮಾತ್ರೇನ ಗುಟ್ಟಾಗಿ ಅರೆದು ಸೇರಿಸಿರ್ತಾರೆ. ಅಳತೆ ಇಲ್ಲ, ಲೆಕ್ಕ ಇಲ್ಲ. ತಿಂಗಳುಗಟ್ಟಲೆ ತಿಂದ್ರೆ ಮೂಳೆ ಟೊಳ್ಳಾಗುತ್ತೆ, ಸಕ್ಕರೆ ಕಾಯಿಲೆ ಬರುತ್ತೆ. ತಿಂಗಳುಗಟ್ಟಲೆ ತಿಂದೋರು ತಟ್ಟನೆ ಬಿಟ್ರೂ ಅಪಾಯ, ಅವರು ಡಾಕ್ಟರ ಹತ್ರ ಬಂದೇ ಬಿಡಬೇಕು. ಇದು ಆಯುರ್ವೇದ ಅಲ್ಲ, ಆಯುರ್ವೇದದ ಹೆಸರಲ್ಲಿ ಮೋಸ."

ಆಮೇಲೆ ಒಂದು ಚೀಟಿ ಬರೆದು, ಪಿರಿಯಾಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿನ ಡಾಕ್ಟರಿಗೂ ಕೀಲು ತೋರಿಸಿ ಬರಲು ಹೇಳಿದರು. "ನೋವು ಅಂದ್ರೆ ಎಲ್ಲಾ ಒಂದೇ ಅಲ್ಲ ಅಮ್ಮ. ಯಾವುದು ಅಂತ ತಿಳ್ಕೊಂಡೇ ಔಷಧಿ. ಅಲ್ಲಿ ಮಾತ್ರೆ ಕೊಟ್ರೆ ಅದನ್ನೂ ತಗೊಳ್ಳಿ. ಅವರಿಗೆ ನನ್ನ ಔಷಧಿ ಹೇಳಿ, ನನಗೆ ಅವರ ಔಷಧಿ ಹೇಳಿ. ಮುಚ್ಚಿಡಬೇಡಿ."

"ಆಯ್ತು ಬುಡಿ ಡಾಕ್ಟ್ರಮ್ಮ. ಈಗ ಯಾವ್ ಎಣ್ಣೆ ಕೊಡ್ತೀರಿ?" ಎಂದಳು ಚಿಕ್ಕಸಿದ್ದಮ್ಮ.

"ಎಣ್ಣೆ ಕೊಡಲ್ಲ. ಮನೇಲಿ ಹಚ್ಚೋದನ್ನೂ ಇವತ್ತಿಂದ ನಿಲ್ಲಿಸಿ."

ಮುದ್ದಯ್ಯ ಮೆಲ್ಲಗೆ ತನ್ನ ಅಂಗೈ ನೋಡಿಕೊಂಡ. ಅವನ ಮುಖದಲ್ಲಿ ಬಿಡುಗಡೆಯಾದವನ ಕಳೆ ಇತ್ತು.

"ಏನಂದ್ರಿ? ಎಣ್ಣೆ ಬ್ಯಾಡ್ವಾ?" ಚಿಕ್ಕಸಿದ್ದಮ್ಮನ ಧ್ವನಿ ಏರಿತು. "ಇಪ್ಪತ್ತೈದು ವರ್ಷದಿಂದ ಊರಿಗೆಲ್ಲ ಎಣ್ಣೆ ಅಚ್ಚಿದ್ದೀನಿ. ಈ ಸುಂದ್ರಿ ಭುಜಕ್ಕೆ ನೀವೇ ಎಣ್ಣೆ ಕೊಟ್ರಿ. ನಂಗ್ಯಾಕೆ ಇಲ್ಲ? ನನ್ ಮಂಡಿ ಏನ್ ಪಾಪ ಮಾಡದೆ?"

ಡಾಕ್ಟರು ನಕ್ಕರು. ಆದರೆ ಅದು ಗೇಲಿಯ ನಗುವಲ್ಲ. "ನೀವು ಮಕ್ಕಳಿಗೆ ಎಣ್ಣೆ ನೀರು ಹಾಕ್ತೀರಂತೆ, ಸುಂದ್ರಮ್ಮ ಹೇಳಿದ್ರು. ನನಗೆ ಒಂದು ಗೊತ್ತಾಗಬೇಕಿತ್ತು, ನಿಮ್ಮನ್ನೇ ಕೇಳ್ತೀನಿ. ಮಗೂಗೆ ಮೈ ಬಿಸಿ ಇದ್ದಾಗ, ಜ್ವರ ಬಂದಾಗ, ಎಣ್ಣೆ ನೀರು ಹಾಕ್ತೀರಾ?"

"ಅಯ್ಯೋ, ಯಾರಾರ ಆಕ್ತಾರಾ? ಬಾಗ್ಲಲ್ಲೇ ವಾಪಸ್ ಬತ್ತೀನಿ. ಜ್ವರ ಇದ್ದಾಗ ಎಣ್ಣೆ ಮುಟ್ಬಾರ್ದು. ಜ್ವರ ಬುಟ್ಟು, ಹಸಿವಾಗಿ, ಮಗ ಹಾಲು ಕುಡ್ದ ಮೇಲೇ ಎಣ್ಣೆ. ಇಷ್ಟೂ ಗೊತ್ತಿಲ್ವಾ ನಿಮ್ಗೆ?"

"ಗೊತ್ತಾಯ್ತು. ಈಗ ನಿಮ್ಮ ಮಂಡಿ ಮುಟ್ಟಿ ನೋಡ್ಕೊಳ್ಳಿ."

ಚಿಕ್ಕಸಿದ್ದಮ್ಮ ಅಂಗೈಯನ್ನು ಮಂಡಿಯ ಮೇಲೆ ಇಟ್ಟಳು. ಬಿಸಿ ಇತ್ತು. ಹಣೆ ಮುಟ್ಟಿ ನೋಡಿಕೊಂಡಳು. ತಣ್ಣಗಿತ್ತು. ಮತ್ತೆ ಮಂಡಿ ಮುಟ್ಟಿದಳು. ಎಷ್ಟು ಮಕ್ಕಳ ಮೈಯ ಬಿಸಿಯನ್ನು ಬೆರಳ ತುದಿಯಲ್ಲೇ ಅಳೆದ ಕೈ ಅದು! ಅವಳ ಬಾಯಿ ಅರ್ಧ ತೆರೆದಿತ್ತು.

"ಅಯ್ಯೋ ಶಿವನೇ, ನನ್ ಮಂಡಿಗೆ ಜ್ವರ ಬಂದದೆ!"

"ಅಷ್ಟೇ ಅಮ್ಮ" ಎಂದರು ಡಾಕ್ಟರು. "ಜ್ವರ ಬಂದ ಕೂಸಿಗೆ ನಾಲ್ಕು ತಿಂಗಳು ಎಣ್ಣೆ ಉಜ್ಜಿದ್ದೀರಿ. ಉಂಡದ್ದು ಸರಿಯಾಗಿ ಅರಗದೆ ಜಿಗುಟಾಗಿ ಕೀಲಿಗೆ ಸೇರಿಕೊಂಡು ಊತ ಬರುತ್ತೆ ಅಂತ ಆಯುರ್ವೇದ ಹೇಳುತ್ತೆ. ಆಮವಾತ ಅಂತ ಅದರ ಹೆಸರು. ಮೊದಲು ಆ ಜಿಗುಟು ಕರಗಬೇಕು, ಹಸಿವು ಹುಟ್ಟಬೇಕು. ಆಮೇಲೆ ಎಣ್ಣೆ. ಸುಂದ್ರಮ್ಮಂದು ದುಡಿದು ಬಿಗಿದ ಸ್ನಾಯು. ಅಲ್ಲಿ ಊತ ಇರಲಿಲ್ಲ, ಬಿಸಿ ಇರಲಿಲ್ಲ. ಅದಕ್ಕೆ ಎಣ್ಣೆ ಸರಿ. ನಿಮಗೆ ಸದ್ಯಕ್ಕೆ ಮರಳಿನ ಕಾವು."

"ನನ್ ಮಗ್ಳು ಸುಧಾ ಬಾಣಂತನಕ್ಕೆ ಬರೋ ಒತ್ತಿಗೆ ವಾಸಿ ಆಯ್ತದಾ? ಮೊಮ್ಮಗೂನ ಈ ಕಾಲ್ ಮೇಲೇ ಮಲಗಿಸ್ಬೇಕು."

"ಬುಡಸಮೇತ ಕಿತ್ತು ಹಾಕ್ತೀನಿ ಅಂತ ನಾನು ಹೇಳಲ್ಲ. ಹಾಗೆ ಹೇಳೋರನ್ನ ನೀವೂ ನಂಬಬೇಡಿ. ಹಿಡಿತದಲ್ಲಿ ಇಟ್ಕೋಬಹುದು. ಹೇಳಿದ್ದು ಹೇಳಿದ ಹಾಗೆ ಮಾಡಿದ್ರೆ ಮೊಮ್ಮಗೂನ ಕಾಲ ಮೇಲೆ ಮಲಗಿಸೋ ದಾರಿ ನಾವಿಬ್ರೂ ಸೇರಿ ಹುಡುಕೋಣ."

ಆ "ನಾವಿಬ್ರೂ" ಎಂಬ ಮಾತು ಚಿಕ್ಕಸಿದ್ದಮ್ಮನಿಗೆ ಎಲ್ಲ ಔಷಧಿಗಿಂತ ಮೊದಲು ಹಿಡಿಯಿತು.

ಕುಡಿಯಲು ಕಷಾಯ, ಊಟವಾದ ಮೇಲೆ ಗುಗ್ಗುಳದ ಮಾತ್ರೆ ಕೊಟ್ಟರು. ದಿನಕ್ಕೆ ಎರಡು ಸಲ ಒಣಶುಂಠಿ ಹಾಕಿ ಕುದಿಸಿದ ಬಿಸಿನೀರು. ರಾತ್ರಿ ಮೊಸರು ಬೇಡ, ಉದ್ದಿನ ಕರಿದ ತಿಂಡಿ ಬೇಡ, ಉಂಡ ಕೂಡಲೇ ಮಲಗುವುದು ಬೇಡ. ಬಿಸಿ ಮುದ್ದೆ, ಹುರುಳಿ ಸಾರು ಧಾರಾಳ. ಬೆಳಗ್ಗೆ ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಮಡಿಸಿ ಬಿಚ್ಚುವುದು. ಹದಿನೈದು ದಿನಕ್ಕೊಮ್ಮೆ ಬಂದು ತೋರಿಸುವುದು. ರಕ್ತ ಪರೀಕ್ಷೆಯಲ್ಲೂ ಊತದ ಕಾಯಿಲೆಯೇ ಎಂದು ಬಂತು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ತಾವೂ ಒಂದು ಮಾತ್ರೆ ಬರೆದು, "ಎರಡೂ ನಡೀಲಿ, ತಪ್ಪದೆ ತೋರಿಸಿ" ಎಂದರು.

ಮಾರನೆಯ ದಿನದಿಂದ ಮುದ್ದಯ್ಯನ ಕೆಲಸ ಬದಲಾಯಿತು. ಹೊಳೆಯಿಂದ ಮರಳು ತಂದು, ತೊಳೆದು, ಒಣಗಿಸಿ, ಹಟ್ಟಿಯ ಒಲೆಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದ. ದಾರಿಯಲ್ಲಿ ಹೋಗುತ್ತಿದ್ದ ಊರಿನ ಪಡ್ಡೆ ಹುಡುಗ ಚಲುವರಾಜು ನಿಂತು ಕೇಳಿದ. "ಏನ್ ಮುದ್ದಣ್ಣ, ಕಡ್ಲೆಕಾಯಿ ಉರೀತಿದ್ದೀಯಾ? ನಂಗೂ ಒಂದಿಡಿ ಕೊಡು."

"ಮಳ್ಳು ಕಣ್ಲಾ. ತಿಂತೀಯಾ?"

"ಮಳ್ಳು ಉರಿಯೋ ಕಾಲ ಬಂತಾ ನಿಂಗೆ? ನಿಮ್ಮನೇಲಿ ರಾಗಿ ಮುಗ್ದೋಯ್ತಾ?"

"ನಗು ನಗು. ನಿನ್ನನ್ನ ತನ್ ಕಾಲ್ ಮೇಲ್ ಆಕ್ಕೊಂಡು ನೀರುಯ್ದೋಳ ಮಂಡಿಗೆ ಕಣ್ಲಾ ಇದು."

ಚಲುವರಾಜು ನಗು ನಿಲ್ಲಿಸಿದ. ಮಾರನೆಯ ಬೆಳಗ್ಗೆ ಹಟ್ಟಿಯಲ್ಲಿ ಎರಡು ಬುಟ್ಟಿ ತೊಳೆದ ಮರಳು ಇತ್ತು. ಯಾರು ತಂದಿಟ್ಟರೆಂದು ಯಾರೂ ಹೇಳಲಿಲ್ಲ, ಚಿಕ್ಕಸಿದ್ದಮ್ಮನೂ ಕೇಳಲಿಲ್ಲ.

ಬಿಸಿ ಮರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತನ್ನ ಮುಂಗೈಗೆ ಒತ್ತಿ ಬಿಸಿ ನೋಡಿ, ಆಮೇಲೆ ಮುದ್ದಯ್ಯ ಅವಳ ಮಂಡಿಗೆ ಕಾವು ಕೊಡುತ್ತಿದ್ದ. ಮಕ್ಕಳಿಗೆ ನೀರಿನ ಹದ ನೋಡುವುದನ್ನು ಇಪ್ಪತ್ತೈದು ವರ್ಷ ಅವಳಿಂದಲೇ ನೋಡಿ ಕಲಿತಿದ್ದ.

ಇತ್ತ ಶಿವಾನಿಯ ಮಗುವಿಗೆ ನೀರು ಹಾಕುವುದು ನಿಲ್ಲಲಿಲ್ಲ. ಚಿಕ್ಕಸಿದ್ದಮ್ಮ ಕುರ್ಚಿಯ ಮೇಲೆ ಕೂತು ಬಾಯಲ್ಲೇ ನೀರು ಹಾಕುತ್ತಿದ್ದಳು. "ಕುತ್ಗೆ ಇಡ್ಕೊಳೇ. ಮೂಗಿಗೆ ಬೀಳ್ದಂಗೆ. ಅಂಗಲ್ಲ, ಇಂಗೆ. ಅದೇನ್ ಕೂಸಾ ಇಲ್ಲ ಕುಂಬಳಕಾಯಾ?" ಶಿವಾನಿ ನಗುತ್ತಾ ಕಲಿತಳು.

ಮೂರು ವಾರಕ್ಕೆ ಊತ ಇಳಿಯಿತು. ಅಲ್ಲೇ ಒಂದು ಎಡವಟ್ಟಾಯಿತು ನೋಡಿ. ಹಳೆಯ ಕೈ ಸುಮ್ಮನಿರಬೇಕಲ್ಲ? ಮುದ್ದಯ್ಯ ಹೊಲಕ್ಕೆ ಹೋಗಿದ್ದಾಗ ಚಿಕ್ಕಸಿದ್ದಮ್ಮ ಕದ ಮುಂದೆ ಮಾಡಿಕೊಂಡು ಬೆಳ್ಳುಳ್ಳಿ ಎಣ್ಣೆ ತೆಗೆದು ಮಂಡಿಗೆ ಚೆನ್ನಾಗಿ ತಿಕ್ಕಿದಳು. "ವಸಿ ಅಚ್ಚಿದ್ರೆ ಏನಾಯ್ತದೆ" ಎಂದು ತನಗೆ ತಾನೇ ಹೇಳಿಕೊಂಡಳು. ಎರಡು ದಿನಕ್ಕೆ ಮಂಡಿ ಮತ್ತೆ ಬೆಲ್ಲದ ಅಚ್ಚು. ಆಸ್ಪತ್ರೆಯಲ್ಲಿ ಡಾಕ್ಟರು ಮಂಡಿ ಮುಟ್ಟಿ, ಬಾಗಿ ಮೂಸಿ, "ಬೆಳ್ಳುಳ್ಳಿ ವಾಸನೆ ಬರ್ತಿದೆ" ಎಂದರು.

"ಚಟ್ನಿ ಅರ್ದಿದ್ದೆ" ಎಂದಳು ಚಿಕ್ಕಸಿದ್ದಮ್ಮ.

"ಮಂಡಿ ಮೇಲಾ?"

ಮೊದಲು ನಕ್ಕವಳು ಅವಳೇ. ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಡಾಕ್ಟರು ಬೈಯಲಿಲ್ಲ. "ಕೂಸಿಗೆ ಇನ್ನೂ ಜ್ವರ ಬಿಟ್ಟಿರಲಿಲ್ಲ ಅಮ್ಮ. ಸ್ವಲ್ಪ ತಾಳಿ" ಎಂದಷ್ಟೇ ಹೇಳಿದರು. ಮನೆಗೆ ಬಂದವಳೇ ಎಣ್ಣೆ ಸೀಸೆಗಳನ್ನೆಲ್ಲ ಬುಟ್ಟಿಗೆ ತುಂಬಿ ಸುಂದ್ರಮ್ಮನ ಮನೆಗೆ ಕಳಿಸಿದಳು. "ನಾನ್ ಬೇಡಿದ್ರೂ ಕೊಡ್ಬ್ಯಾಡ ಕಣೇ. ಅತ್ರೂ ಕೊಡ್ಬ್ಯಾಡ."

ಕಾರ್ತಿಕ ಮಾಸದ ಹೊತ್ತಿಗೆ ಬೆಳಗಿನ ಬಿಗಿ ಸಡಿಲವಾಗಲು ಬಿಸಿಲು ಹಟ್ಟಿ ಬಾಗಿಲು ದಾಟುವವರೆಗೆ ಕಾಯಬೇಕಿರಲಿಲ್ಲ. ಹಾಲು ಕರೆದು ಮುಗಿಯುವಷ್ಟರಲ್ಲಿ ಬೆರಳು ಮಡಿಸುತ್ತಿದ್ದವು. ಲೋಟ ಒಂದೇ ಕೈಗೆ ಬಂತು. ಏಳನೇ ತಿಂಗಳಿಗೆ ತಾನೇ ಸರಗೂರಿಗೆ ಹೋಗಿ ಮಗಳನ್ನು ಕರೆತಂದಳು. ಇನ್ನೊಂದು ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರು ಮಂಡಿಯ ಮೇಲೆ ಬಹಳ ಹೊತ್ತು ಕೈಯಿಟ್ಟರು. ಆಮೇಲೆ ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆದು ಅವಳ ಕೈಗೆ ಕೊಟ್ಟರು.

"ಏನಿದು?"

"ಎಣ್ಣೆ. ಜ್ವರ ಬಿಟ್ಟಿದೆ. ಹಗುರವಾದ ಕೈಯಲ್ಲಿ, ಕೂಸಿಗೆ ಹಚ್ಚೋ ಹಾಗೆ."

ಚಿಕ್ಕಸಿದ್ದಮ್ಮ ಆ ಸೀಸೆಯನ್ನು ಕಣ್ಣಿಗೊತ್ತಿಕೊಂಡಳು. ಬಸ್ಸಿನಲ್ಲಿ ಬರುವಾಗ ಮುದ್ದಯ್ಯ ತನ್ನ ಅಂಗೈ ನೋಡಿಕೊಂಡು ಒಂದು ನಿಟ್ಟುಸಿರು ಬಿಟ್ಟ. "ಗೆರೆ ಈಗಷ್ಟೇ ಮೂಡ್ತಾ ಇದ್ವು" ಎಂದ.

ಸುಧಾಳ ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸುಖವಾಗಿ ಆಯಿತು. ಹೆಣ್ಣು ಕೂಸು, ತಲೆತುಂಬ ಕೂದಲು. ಎಣ್ಣೆ ನೀರು ಹಾಕುವ ಮೊದಲ ದಿನ ಸರಗೂರಿಂದ ಚಾಮುಂಡಮ್ಮ ಬಂದರು. ಹಿಂದಿನ ಬೀದಿಯಿಂದ ಶಿವಾನಿ ಬಂದಳು. ಸುಂದ್ರಮ್ಮ ಹಂಡೆಗೆ ಉರಿ ಹಾಕಿದಳು.

ನೆಲದಲ್ಲಿ ಕೂರುವುದು ಬೇಡವೆಂದು ಡಾಕ್ಟರು ಹೇಳಿದ್ದರು. ಅದಕ್ಕೆಂದೇ ಮುದ್ದಯ್ಯ ಬಡಗಿಯ ಹತ್ತಿರ ಗಿಡ್ಡ ಬೆಂಚೊಂದನ್ನು ಮಾಡಿಸಿದ್ದ. ಅದರ ಮುಂದೆ ಕಾಲು ಚಾಚಿಕೊಳ್ಳಲು ಅದೇ ಎತ್ತರದ ಇನ್ನೊಂದು ಹಲಗೆ. ಚಿಕ್ಕಸಿದ್ದಮ್ಮ ಬೆಂಚಿನ ಮೇಲೆ ಕೂತಳು. ಸೆರಗು ಸಿಕ್ಕಿಸಿದಳು. ಎಡಗಾಲು ಚಾಚಿದಳು. ಎಲ್ಲರೂ ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಬಲಗಾಲು ಮೆಲ್ಲಗೆ, ಮೆಲ್ಲಗೆ, ಹಲಗೆಯ ತುದಿಯವರೆಗೆ ಚಾಚಿತು. ಒಂದಿಷ್ಟು ಬಾಗಿಯೇ ಉಳಿದ ಜಾಗಕ್ಕೆ ಶಿವಾನಿ ಒಂದು ಮಡಿಸಿದ ಟವಲು ಇಟ್ಟಳು. ಈ ಸಲ ಚಿಕ್ಕಸಿದ್ದಮ್ಮ ಹೊಗೆಯ ನೆಪ ಹೇಳಲಿಲ್ಲ. ಶಿವಾನಿಯ ಗಲ್ಲ ಮುಟ್ಟಿ ಮುತ್ತಿಟ್ಟಳು.

ಕೂಸನ್ನು ಕಾಲ ಮೇಲೆ ಮಲಗಿಸಿದರು. ಮೊದಲ ಚೊಂಬು ನೀರು ಬಿದ್ದದ್ದೇ ತಡ, ಕೂಸು ಒಮ್ಮೆ ಬಾಯಿ ತೆರೆದು ಅಳಲು ನೋಡಿ, ಮನಸ್ಸು ಬದಲಾಯಿಸಿ, ಅಜ್ಜಿಯ ಕಾಲ ಮೇಲೆ ಉಚ್ಚೆ ಹೊಯ್ದಿತು. ಇಡೀ ಬಚ್ಚಲು ನಕ್ಕಿತು.

"ಬಂದ್ಲು ಬುಡು ನನ್ ಒಡ್ತಿ! ಇನ್ನು ನೀನೂ ದೊಡ್ಡೋಳಾಗಿ ನನ್ ಮುಂದೆ ಜಡೆ ಎಗರಿಸೋ ಅಂಗಿಲ್ಲ" ಎಂದಳು ಚಿಕ್ಕಸಿದ್ದಮ್ಮ.

ಚಾಮುಂಡಮ್ಮ ನೀರು ಮೊಗೆದು ಕೊಡುತ್ತಿದ್ದರು. ನಾಲ್ಕನೆಯ ಚೊಂಬಿಗೆ ಬಾಗಿದಾಗ ಅವರ ಬಾಯಿಂದ ಸಣ್ಣಗೆ "ಅಮ್ಮಾ" ಎಂದು ಬಂತು. ಚಿಕ್ಕಸಿದ್ದಮ್ಮನ ಕಿವಿ ಚುರುಕು.

"ಏನ್ ಚಾಮುಂಡಕ್ಕ, ಮಂಡಿಯಾ?"

"ಇಲ್ಲ ಕಣಕ್ಕ, ಒಗೆ."

ಚಿಕ್ಕಸಿದ್ದಮ್ಮ ಒದ್ದೆ ಕೈಯನ್ನು ಚಾಚಿ ಬೀಗಿತ್ತಿಯ ಮಂಡಿಯ ಮೇಲಿಟ್ಟಳು. ಕಣ್ಣು ಮುಚ್ಚಿ ಬಿಸಿ ನೋಡಿದಳು. ಆಮೇಲೆ ಹೇಳಿದಳು. "ನಾಳೆ ಎಂಟೂವರೆ ಬಸ್ಸಿಗೆ ನಾನ್ ಕರ್ಕೊಂಡೋಯ್ತೀನಿ. ಅಲ್ಲೀಗಂಟ ಎಣ್ಣೆ ಮುಟ್ಟೀರಿ, ಜ್ವಾಕೆ!"

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಬೆಳಗ್ಗೆ ಬೆರಳು ಮಡಿಸಲಾಗದವರು ಒಬ್ಬರು ಇರಬಹುದು. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅವರು ಲೋಟ ಹಿಡಿಯುವ ಕೈ ನೋಡಿ, ಮೆಟ್ಟಿಲ ಮುಂದೆ ನಿಲ್ಲುವ ಕಾಲು ನೋಡಿ. ಕೀಲು ಊದಿ ಬಿಸಿಯಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಓದಿದ ಆಯುರ್ವೇದ ವೈದ್ಯರಿಗೆ ತೋರಿಸಿ, ಅವರು ಹೇಳಿದ ಪರೀಕ್ಷೆ ಮಾಡಿಸಿ. ಕಷಾಯವಾಗಲಿ, ಕಾವಾಗಲಿ, ಪಥ್ಯವಾಗಲಿ, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಹೆಸರು, ವಿಳಾಸ, ತಾರೀಕು ಇಲ್ಲದ ಪುಡಿಯನ್ನು ಎಷ್ಟೇ ಬೇಗ ಗುಣ ಕಂಡರೂ ಮನೆಗೆ ತರಬೇಡಿ. ಮೊದಲಿಂದ ನುಂಗುತ್ತಿರುವ ಮಾತ್ರೆಗಳನ್ನು ನೀವಾಗಿಯೇ ಬಿಡಬೇಡಿ. ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು ಕಾವು ಕೊಟ್ಟುಕೊಳ್ಳುವ ಮುಂಚೆ, ಕಷಾಯ ಕುಡಿಯುವ ಮುಂಚೆ ವೈದ್ಯರನ್ನು ಕೇಳಿ. ಜೋರು ಜ್ವರ ಬಂದು ಕೀಲು ಕೆಂಪಗಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬಸ್ಸಿಗೆ ಒಬ್ಬರನ್ನೇ ಕಳಿಸಬೇಡಿ. ಜೊತೆಗೆ ನೀವೂ ಹತ್ತಿ. ಅವರು ಕಾಲು ಚಾಚಿ ಕೂರುವುದನ್ನು ಯಾವುದೋ ಒಂದು ಕೂಸು ಕಾಯುತ್ತಿರುತ್ತದೆ.